ತೂಕ 76 ಕಿಲೋ, ಶುಗರ್ ಬಾರ್ಡರ್: ಇದು ನಮ್ಮ ಮನೆತನದ ಹಣೆಬರಹವೇ?

ಪ್ರಶ್ನೆ: ಡಾಕ್ಟ್ರೇ, ನನಗೆ 39 ವರ್ಷ. ದಾವಣಗೆರೆ ವಿದ್ಯಾನಗರದಲ್ಲಿ ಮನೆ, ಒಂದು ಸಹಕಾರ ಬ್ಯಾಂಕಿನಲ್ಲಿ ಕೆಲಸ. ಎತ್ತರ 156 ಸೆಂ.ಮೀ., ತೂಕ 76 ಕಿಲೋ. ಹೋದ ತಿಂಗಳು ಚೆಕಪ್ ಮಾಡಿಸಿದೆ. ಖಾಲಿ ಹೊಟ್ಟೆಯ ಶುಗರ್ 112, ಎಚ್‌ಬಿಎ1ಸಿ 6.1, ಬಿಪಿ 136/86, ಟ್ರೈಗ್ಲಿಸರೈಡ್ 190, ಎಲ್‌ಡಿಎಲ್ 148, ಹಿಮೋಗ್ಲೋಬಿನ್ 9.8, ಟಿಎಸ್‌ಎಚ್ 5.4. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಬಂದಿದೆ. "20 ಕಿಲೋ ಇಳಿಸಿ, ಇಲ್ಲಾಂದ್ರೆ ಎರಡು ವರ್ಷದಲ್ಲಿ ಮಾತ್ರೆ ಶುರು" ಅಂತ ಹೇಳಿ ಡಾಕ್ಟರು ಮುಂದಿನವರನ್ನು ಕರೆದರು. ಆಟೋದಲ್ಲಿ ಅಳುತ್ತಾ ಮನೆಗೆ ಬಂದೆ. ನಮ್ಮಪ್ಪ 52ನೇ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿ ಹೋದರು. ಅವ್ವನಿಗೆ ಶುಗರ್ ಜಾಸ್ತಿಯಾಗಿ ಹೋದ ವರ್ಷ ಕಾಲಿನ ಒಂದು ಬೆರಳು ತೆಗೆಸಬೇಕಾಯಿತು. ಮಗ ಹೊಟ್ಟೆಯಲ್ಲಿದ್ದಾಗ ನನಗೂ ಶುಗರ್ ಬಂದಿತ್ತು, ಹೆರಿಗೆ ಆದಮೇಲೆ ಹೋಯಿತು. ಅವನಿಗೀಗ 13 ವರ್ಷ, 64 ಕಿಲೋ ಇದ್ದಾನೆ. ಕುತ್ತಿಗೆ ಹಿಂದೆ ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. "ನಿಮ್ಮ ಮನೆತನವೇ ಹಾಗೆ" ಅಂತಾರೆ ಅತ್ತೆ. ಪರಿಚಯದವರೊಬ್ಬರು ಎರಡು ಹೊತ್ತಿನ ಊಟದ ಬದಲು ಕುಡಿಯುವ ಪೌಡರ್ ತಗೊಳ್ಳಿ ಅಂತಿದ್ದಾರೆ. ವಾರಕ್ಕೊಂದು ಇಂಜೆಕ್ಷನ್ ಇದೆಯಂತೆ, ಅದು ಒಳ್ಳೆಯದಾ? ಅಥವಾ ಎಲ್ಲ ಥೈರಾಯಿಡ್‌ನಿಂದ ಆಗಿದ್ದಾ? ಬೆಂಗಳೂರಲ್ಲಿರುವ ನನ್ನ ತಮ್ಮನಿಗೆ 35 ವರ್ಷ, ತೆಳ್ಳಗಿದ್ದಾನೆ. ಅವನಿಗಾದರೂ ಇದು ಬರಲ್ಲ ಅಲ್ವಾ?

ಉತ್ತರ: ಮೊದಲು ನೀವು ಎಲ್ಲಿ ನಿಂತಿದ್ದೀರಿ ಅಂತ ನೋಡೋಣ. ನಿಮಗೆ ಇನ್ನೂ ಸಕ್ಕರೆ ಕಾಯಿಲೆ ಬಂದಿಲ್ಲ. ಖಾಲಿ ಹೊಟ್ಟೆಯಲ್ಲಿ ಶುಗರ್ 100ರಿಂದ 125ರವರೆಗೆ ಇದ್ದರೆ ಅದು ಕಾಯಿಲೆಗೆ ಮುಂಚಿನ ಹಂತ. 126 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯಿಲೆ. ಎಚ್‌ಬಿಎ1ಸಿ ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್, ಅದರಲ್ಲಿ 5.7ರಿಂದ 6.4ರವರೆಗೆ ಮುಂಚಿನ ಹಂತ, 6.5ರಿಂದ ಕಾಯಿಲೆ. ಜನ ಇದನ್ನೇ ಬಾರ್ಡರ್ ಅನ್ನೋದು. ಈ ಹಂತದಲ್ಲಿ ತಿರುಗಿ ಬರುವ ದಾರಿ ಇನ್ನೂ ತೆರೆದಿದೆ. ಹಾಗಾಗಿ ಇವತ್ತೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು.

ನಿಮ್ಮ ರಿಪೋರ್ಟಿನಲ್ಲಿ ಇನ್ನೊಂದು ವಿಷಯ ಇದೆ. ಅದನ್ನು ನಿಮಗೆ ಯಾರೂ ಹೇಳಿಲ್ಲ ಅನಿಸುತ್ತದೆ. ಹಿಮೋಗ್ಲೋಬಿನ್ 9.8 ಅಂದರೆ ರಕ್ತ ಕಡಿಮೆ ಇದೆ. ಕಬ್ಬಿಣದ ಅಂಶ ಕಡಿಮೆಯಾಗಿ ಹೀಗಾಗಿದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಹಾಗಾಗಿ ಆ 6.1 ಒಂದನ್ನೇ ಹಿಡಿದು ಕೂರಬೇಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದಮೇಲೆ ಮಾಡುವ ಟೆಸ್ಟ್ ಒಂದನ್ನು ಮಾಡಿಸಿ. ಬಸುರಿ ಇದ್ದಾಗ ನಿಮಗೆ ಮಾಡಿದ್ದ ಗ್ಲೂಕೋಸ್ ಟೆಸ್ಟಿನಂಥದ್ದೇ ಇದು. 140ಕ್ಕಿಂತ ಕಡಿಮೆ ಬಂದರೆ ಒಳ್ಳೆಯದು, 140ರಿಂದ 199 ಬಂದರೆ ಬಾರ್ಡರ್, 200 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕಾಯಿಲೆ ಶುರುವಾಗಿದೆ ಅಂತ ಅರ್ಥ. ಜೊತೆಗೆ ರಕ್ತ ಯಾಕೆ ಕಡಿಮೆ ಆಗಿದೆ ಅಂತಲೂ ನೋಡಿಸಲೇಬೇಕು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ಸಂಕೋಚ ಪಡದೆ ಡಾಕ್ಟರಿಗೆ ಹೇಳಿ. ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆ ಆದರೆ ಸುಸ್ತು, ಇದನ್ನೆಲ್ಲ ನೀವು ತೂಕದ ತಲೆಗೆ ಕಟ್ಟಿರಬಹುದು. ಅದರಲ್ಲಿ ಒಂದು ಪಾಲು ಈ ರಕ್ತಹೀನತೆಯದ್ದೇ ಇರುತ್ತದೆ. ಸುಸ್ತಾದವರನ್ನು ದಿನಾ ವಾಕಿಂಗ್ ಮಾಡಿ ಅಂದರೆ ಅವರು ಹೇಗೆ ಮಾಡಿಯಾರು?

ಥೈರಾಯಿಡ್ ವಿಷಯ ಬೇಗ ಮುಗಿಸುತ್ತೇನೆ. ಟಿಎಸ್‌ಎಚ್ ಅಂದರೆ ಥೈರಾಯಿಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನು, ಥೈರಾಯಿಡ್ ಕಡಿಮೆಯಾದರೆ ಇದು ಏರುತ್ತದೆ. 5.4 ಅಂದರೆ ಅಲ್ಪ ಏರಿಕೆ. ಥೈರಾಯಿಡ್ ನಿಜವಾಗಿ ಕಡಿಮೆ ಆದವರಲ್ಲೂ ಅದರಿಂದ ಏರುವ ತೂಕ ಸಾಮಾನ್ಯವಾಗಿ ಎರಡರಿಂದ ನಾಲ್ಕೈದು ಕಿಲೋ, ಅದರಲ್ಲೂ ಹೆಚ್ಚಿನದು ದೇಹದಲ್ಲಿ ನಿಲ್ಲುವ ನೀರು. ಉಳಿದ ತೂಕ ಅದರದ್ದಲ್ಲ. ತೂಕ ಜಾಸ್ತಿ ಇದ್ದರೇ ಟಿಎಸ್‌ಎಚ್ ಸ್ವಲ್ಪ ಏರುವುದೂ ಉಂಟು. ಎರಡು ಮೂರು ತಿಂಗಳು ಬಿಟ್ಟು ಟಿ4 ಅನ್ನುವ ಥೈರಾಯಿಡ್ ಹಾರ್ಮೋನಿನ ಜೊತೆ ಇನ್ನೊಮ್ಮೆ ನೋಡಿಸಿ.

ಈಗ ನಿಮ್ಮನ್ನು ಅಳಿಸಿದ ಆ 20 ಕಿಲೋ ಮಾತು. ಲೆಕ್ಕ ತಪ್ಪಲ್ಲ. ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 31 ಆಗುತ್ತದೆ, ನಮ್ಮ ಜನಕ್ಕೆ 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು ಅಂತ ಎಣಿಸುತ್ತಾರೆ. ಆದರೆ ಆ ಗುರಿಯನ್ನು ನಿಮ್ಮ ಕೈಗೆ ಕೊಟ್ಟ ರೀತಿ ನನಗೆ ಒಪ್ಪಿಗೆ ಇಲ್ಲ. 20 ಕಿಲೋ ಅಂದ ಕೂಡಲೇ ಮನಸ್ಸು ಕೈಚೆಲ್ಲುತ್ತದೆ. ಇಲ್ಲವೇ ಪೌಡರ್ ಹಿಂದೆ ಹೋಗುತ್ತದೆ. ಅಮೆರಿಕದಲ್ಲಿ ಬಾರ್ಡರ್ ಹಂತದವರ ಮೇಲೆ ಒಂದು ದೊಡ್ಡ ಅಧ್ಯಯನ ನಡೆಯಿತು, 2002ರಲ್ಲಿ ಫಲಿತಾಂಶ ಬಂತು. ಅಲ್ಲಿ ಇಟ್ಟುಕೊಂಡ ಗುರಿ ದೇಹದ ತೂಕದ ನೂರಕ್ಕೆ 7 ಭಾಗ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವಂಥ ಚಟುವಟಿಕೆ. ಅಷ್ಟಕ್ಕೇ ಸಕ್ಕರೆ ಕಾಯಿಲೆ ಬರುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. ನಿಮ್ಮ ಲೆಕ್ಕದಲ್ಲಿ 7 ಭಾಗ ಅಂದರೆ ಐದು ಕಿಲೋ ಚಿಲ್ಲರೆ. 76ರಿಂದ 71ಕ್ಕೆ ಬನ್ನಿ. ಆರು ತಿಂಗಳು ಬೇಕಾದರೂ ತಗೊಳ್ಳಿ. ಲಿವರಿನ ಕೊಬ್ಬು ಇಳಿಯುವುದಕ್ಕೂ ಅಷ್ಟು ಇಳಿಕೆ ಸಾಕಾಗುತ್ತದೆ.

ಇನ್ನೂ ಹತ್ತಿರದ ಮಾತು ಹೇಳುತ್ತೇನೆ. ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಮ್ಮಂಥ ಅನ್ನ ತಿನ್ನುವ ಜನರ ಮೇಲೆಯೇ ಇಂಥದ್ದೇ ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿತು. ಊಟ ತಿದ್ದಿಕೊಂಡು, ನಡೆದಾಡಿದವರಲ್ಲಿ ಕಾಯಿಲೆ ನೂರಕ್ಕೆ 28ರಷ್ಟು ಕಡಿಮೆಯಾಯಿತು. ವಿಶೇಷ ಏನು ಗೊತ್ತಾ? ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ತೂಕದ ಮಷಿನ್ ಮುಳ್ಳು ಅಲುಗಾಡದಿದ್ದರೂ ಒಳಗೆ ಕೆಲಸ ನಡೆದಿತ್ತು. ಅದಕ್ಕೇ ನಾನು ನಿಮಗೆ ದಿನಾ ತೂಕ ನೋಡಬೇಡಿ ಅನ್ನುತ್ತೇನೆ. ತಿಂಗಳಿಗೊಮ್ಮೆ ನೋಡಿ. ಅದರ ಬದಲು ಟೈಲರ್ ಟೇಪು ತಗೊಂಡು ಹೊಟ್ಟೆ ಅಳೆಯಿರಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟ ಮೇಲೆ ನೋಡಬೇಕು. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಬಾರದು. ಹೊಟ್ಟೆಯ ಒಳಗಿನ ಕೊಬ್ಬೇ ಲಿವರಿಗೂ ಶುಗರಿಗೂ ಕೆಡುಕು. ಸೀರೆಯ ಪೆಟ್ಟಿಕೋಟಿನ ಲಾಡಿ ಸಡಿಲ ಆಗುತ್ತಾ ಬಂದರೆ ಸರಿಯಾದ ದಾರಿಯಲ್ಲಿದ್ದೀರಿ.

ಹಣೆಬರಹದ ಮಾತಿಗೆ ಬರುತ್ತೇನೆ. ನಿಮ್ಮ ಅತ್ತೆಯವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ತಂದೆತಾಯಿಗೆ ಶುಗರ್ ಇದ್ದರೆ ಮಕ್ಕಳಿಗೆ ಅಪಾಯ ಖಂಡಿತ ಜಾಸ್ತಿ. ಬಸುರಿಯಲ್ಲಿ ಶುಗರ್ ಬಂದಿದ್ದವರಿಗೆ ಇನ್ನೂ ಜಾಸ್ತಿ. ಆದರೆ ನಿಮ್ಮ ಅಜ್ಜ ಅಜ್ಜಿಯರಿಗೂ ಇದ್ದಿದ್ದು ಇದೇ ರಕ್ತ ಅಲ್ವಾ? ಅವರಲ್ಲಿ ಎಷ್ಟು ಜನಕ್ಕೆ ನಲವತ್ತಕ್ಕೇ ಶುಗರ್ ಇತ್ತು ಕೇಳಿ ನೋಡಿ. ಈ ಕಡೆ ಭದ್ರಾ ನಾಲೆ ನೀರು ಬರುವ ಮುಂಚೆ ಜೋಳ, ನವಣೆ ಊಟ, ಅನ್ನ ಹಬ್ಬಕ್ಕೆ. ಇಡೀ ದಿನ ಹೊಲದ ಕೆಲಸ. ಈಗ ರಕ್ತ ಅದೇ, ಆದರೆ ಎರಡು ಹೊತ್ತು ಅನ್ನ ಮತ್ತು ಎಂಟು ಗಂಟೆ ಕುರ್ಚಿ. ಮನೆತನದಿಂದ ಬರುವುದು ರಕ್ತದ ಜೊತೆ ಅಡುಗೆಮನೆಯೂ ಹೌದು, ಕೂತು ಏಳುವ ಅಭ್ಯಾಸವೂ ಹೌದು. ರಕ್ತ ಬದಲಾಯಿಸಲು ಆಗಲ್ಲ. ಉಳಿದ ಎರಡನ್ನು ಬದಲಾಯಿಸಬಹುದು. ಬಸುರಿಯಲ್ಲಿ ಶುಗರ್ ಇದ್ದು ಆಮೇಲೆ ಬಾರ್ಡರಿಗೆ ಬಂದ ನಿಮ್ಮಂಥ ಹೆಂಗಸರೂ ಆ ಅಮೆರಿಕದ ಅಧ್ಯಯನದಲ್ಲಿ ಇದ್ದರು. ಅವರಲ್ಲಿ ಊಟ, ನಡಿಗೆ ತಿದ್ದಿಕೊಂಡವರಿಗೆ ಕಾಯಿಲೆ ಬರುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ತಗೊಂಡವರಲ್ಲೂ ಸುಮಾರು ಅಷ್ಟೇ ಗುಣ ಕಂಡಿತು. ಹಾಗಾಗಿ ಮುಂದೆ ನಿಮ್ಮ ಡಾಕ್ಟರು ಆ ಮಾತ್ರೆ ಬರೆದರೆ, ಸೋತೆ ಅಂದುಕೊಳ್ಳಬೇಡಿ.

ಅಡುಗೆಮನೆ ಅಂದೆ. ನನ್ನ ಇಡೀ ಉತ್ತರದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ. ನೀವೊಬ್ಬರೇ ಡಯಟ್ ಮಾಡಬೇಡಿ. ಮನೆಗೆಲ್ಲ ಅನ್ನ, ಹುಳಿ, ಹಪ್ಪಳ ಮಾಡಿಟ್ಟು, ನೀವು ಮೂಲೆಯಲ್ಲಿ ಎರಡು ಸೌತೆಕಾಯಿ ತಿನ್ನುವ ಆಟ ಎರಡು ವಾರದ ಮೇಲೆ ನಡೆಯಲ್ಲ. ನಡೆಯಲೂಬಾರದು. ನಿಮ್ಮ ಮನೆಯಲ್ಲಿ ಮಗನಿಗೂ ಅಪಾಯ ಇದೆ, ಅವ್ವನಿಗೆ ಕಾಯಿಲೆಯೇ ಇದೆ. ಒಂದೇ ಅಡುಗೆ ಎಲ್ಲರಿಗೂ ಆಗಬೇಕು.

ನಮ್ಮ ಕಡೆಯ ಊಟ ಹೇಗಿರುತ್ತದೆ? ಎರಡೋ ಮೂರೋ ರೊಟ್ಟಿ, ಸ್ವಲ್ಪ ಪಲ್ಯ. ಆಮೇಲೆ ಅನ್ನ ಸಾರು. ಆಮೇಲೆ ಮತ್ತೆ ಅನ್ನ ಮಜ್ಜಿಗೆ. "ನಾನು ಈಗ ಜೋಳದ ರೊಟ್ಟಿನೇ ತಿನ್ನೋದು ಡಾಕ್ಟ್ರೇ" ಅಂತ ಬಹಳ ಜನ ಹೇಳುತ್ತಾರೆ. ರೊಟ್ಟಿ ತಿಂದ ಮೇಲೆ ಅನ್ನವನ್ನೂ ಅಷ್ಟೇ ತಿನ್ನುತ್ತಿರುತ್ತಾರೆ. ರೊಟ್ಟಿ ಬಂದಾಗ ಅನ್ನ ಹೋಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನಡೆಸಿದ ದೇಶದ ದೊಡ್ಡ ಸಮೀಕ್ಷೆಯಲ್ಲಿ ಗೊತ್ತಾಗಿದ್ದು, ನಾವು ತಿನ್ನುವ ಕ್ಯಾಲೊರಿಯಲ್ಲಿ ನೂರಕ್ಕೆ 62 ಭಾಗ ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆ ಅಂತ. ಬಿಳಿ ಅನ್ನದ ಬದಲು ಅಷ್ಟೇ ಪ್ರಮಾಣದ ಗೋಧಿ ಅಥವಾ ಸಿರಿಧಾನ್ಯ ತಿಂದರೆ ಅಪಾಯ ಇಳಿಯಲ್ಲ ಅಂತಲೂ ಅದೇ ಹೇಳಿತು. ಪಿಷ್ಟವನ್ನೇ ಸ್ವಲ್ಪ ಕಡಿಮೆ ಮಾಡಿ, ಆ ಜಾಗಕ್ಕೆ ಬೇಳೆ, ಕಾಳು, ಮೊಸರು, ಮೊಟ್ಟೆಯಂಥ ಪ್ರೋಟೀನ್ ತಂದಾಗ ಅಪಾಯ ಇಳಿಯುತ್ತದೆ. ರಾಗಿ ಮುದ್ದೆಗೂ ಇದೇ ಮಾತು. ಮುದ್ದೆ ಒಳ್ಳೆಯದೇ, ಆದರೆ ಅದರ ಗಾತ್ರ ನೋಡಿ.

ಹಾಗಾದರೆ ಏನು ಮಾಡೋದು? ತಟ್ಟೆಗೆ ಮೊದಲು ಪಲ್ಯ, ಕೋಸಂಬರಿ ಅಥವಾ ಸೊಪ್ಪು ಬರಲಿ, ಅರ್ಧ ತಟ್ಟೆ ತುಂಬುವಷ್ಟು. ಅದರ ಜೊತೆ ಒಂದು ಬಟ್ಟಲು ಗಟ್ಟಿ ಕಾಳು. ಹೆಸರುಕಾಳು, ಅಲಸಂದಿ, ಹುರುಳಿ, ಮಡಿಕೆ, ಯಾವುದಾದರೂ ಸರಿ. ನಮ್ಮ ಮನೆಗಳ ಸಾರು ತೆಳ್ಳಗೆ, ಅದರಲ್ಲಿ ಬೇಳೆಯನ್ನು ಹುಡುಕಬೇಕು. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇವೆರಡನ್ನು ತಿನ್ನಲು ಶುರು ಮಾಡಿದ ಮೇಲೆ ಒಂದೂವರೆ ರೊಟ್ಟಿ, ಇಲ್ಲವೇ ಒಂದು ಬಟ್ಟಲು ಅನ್ನ. ಕೊನೆಗೆ ಮಜ್ಜಿಗೆಯನ್ನು ಕುಡಿಯಿರಿ, ಅನ್ನಕ್ಕೆ ಕಲಸಬೇಡಿ. ಪಲ್ಯ, ಕಾಳು ಮೊದಲು ಹೋದರೆ ಅನ್ನದ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ, ಹೊಟ್ಟೆಯೂ ಬೇಗ ತುಂಬುತ್ತದೆ.

ಎಣ್ಣೆಯ ಲೆಕ್ಕ ತಿಂಗಳ ಕಿರಾಣಿ ಚೀಟಿಯಲ್ಲಿ ಸಿಗುತ್ತದೆ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಐದು ಜನರ ಮನೆಗೆ ಎರಡೂವರೆ ಲೀಟರ್. ನೀವು ಐದು ಲೀಟರ್ ಕ್ಯಾನು ತರುತ್ತಿದ್ದರೆ ಅರ್ಧ ಜಾಸ್ತಿಯೇ ಹೋಗುತ್ತಿದೆ. ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆಗೆ ಸುಮಾರು 120 ಕ್ಯಾಲೊರಿ. ಚಹಾದ ಸಕ್ಕರೆಯನ್ನೂ ನೋಡಿ. ಬ್ಯಾಂಕಿನಲ್ಲಿ ನಾಲ್ಕು ಸಲ, ಸಲಕ್ಕೆ ಎರಡು ಚಮಚ ಅಂದರೆ ದಿನಕ್ಕೆ 40 ಗ್ರಾಂ ಸಕ್ಕರೆ ಅಲ್ಲೇ ಆಯಿತು.

ಬೆಣ್ಣೆ ದೋಸೆ, ಮಂಡಕ್ಕಿ ಮೆಣಸಿನಕಾಯಿ ಬಿಡಬೇಕಾ ಅಂತ ನೀವು ಕೇಳಿಲ್ಲ. ಆದರೆ ದಾವಣಗೆರೆಯವರ ಮನಸ್ಸಿನಲ್ಲಿ ಆ ಪ್ರಶ್ನೆ ಇದ್ದೇ ಇರುತ್ತದೆ. ಬಿಡಬೇಡಿ. ದೋಸೆ ತಿಂಗಳಿಗೆ ಒಂದೆರಡು ಸಲ ಮನೆಯವರೆಲ್ಲ ಕೂಡಿ ಹೋಗಿ ಖುಷಿಯಿಂದ ತಿನ್ನಿ. ನನಗೆ ಚಿಂತೆ ಇರುವುದು ಮಂಡಕ್ಕಿಯದ್ದು. ಹಗುರ ಅಂತ ಅದನ್ನು ಊಟದ ಲೆಕ್ಕಕ್ಕೇ ಯಾರೂ ತಗೊಳ್ಳಲ್ಲ. ಅದು ಅಕ್ಕಿಯೇ, ಶುಗರನ್ನು ಬಹಳ ಬೇಗ ಏರಿಸುತ್ತದೆ. ದಿನಾ ಸಂಜೆ ಒಂದು ದೊಡ್ಡ ತಟ್ಟೆ ಒಗ್ಗರಣೆ ಮಂಡಕ್ಕಿ, ಜೊತೆಗೆ ಮೂರು ಮೆಣಸಿನಕಾಯಿ ಬಜ್ಜಿ, ಆಮೇಲೆ ರಾತ್ರಿಯ ಪೂರ್ತಿ ಊಟ. ಇಲ್ಲಿ ಕತ್ತರಿ ಹಾಕಿ. ವಾರಕ್ಕೊಮ್ಮೆ ಆಗಲಿ, ಅದರಲ್ಲೂ ಅರ್ಧ ಮಂಡಕ್ಕಿ, ಇನ್ನರ್ಧ ಸೌತೆಕಾಯಿ, ಈರುಳ್ಳಿ, ಟೊಮೆಟೊ, ಹುರಿಗಡಲೆ, ಶೇಂಗಾ. ಉಳಿದ ದಿನ ಉಸುಳಿ ಮಾಡಿ. ಮಗನಿಗೂ ಅದೇ.

ಇನ್ನೊಂದು ಮಾತು, ಇದು ಹೆಂಗಸರಿಗೇ. ಎಲ್ಲರಿಗೂ ಬಡಿಸಿ ರಾತ್ರಿ ಹತ್ತಕ್ಕೆ ಕೂರುತ್ತೀರಿ. ಅಷ್ಟರಲ್ಲಿ ಪಲ್ಯ ಖಾಲಿ, ಉಳಿದಿರುವುದು ಅನ್ನ. ಚೆಲ್ಲಬಾರದು ಅಂತ ಅದನ್ನೂ ನೀವೇ ಮುಗಿಸುತ್ತೀರಿ. ಮಗ ಬಿಟ್ಟ ಅರ್ಧ ದೋಸೆಯೂ ನಿಮ್ಮದೇ. ನಿಮ್ಮ ತೂಕದಲ್ಲಿ ಈ ಉಳಿದದ್ದರ ಪಾಲು ದೊಡ್ಡದು ಇರಬಹುದು. ಅಕ್ಕಿ ಒಂದು ಹಿಡಿ ಕಡಿಮೆ ಹಾಕಿ. ಎಲ್ಲರ ಜೊತೆಗೇ, ಎಂಟು ಗಂಟೆಗೆ ಕೂತು ಉಣ್ಣಿ. ಬೇಕಾದವರು ಎದ್ದು ಬಡಿಸಿಕೊಳ್ಳಲಿ. ಇದನ್ನು ನಿಮ್ಮ ಯಜಮಾನರಿಗೂ ಓದಿಸಿ.

ನಡಿಗೆಗೆ ಕುಂದುವಾಡ ಕೆರೆಗೇ ಹೋಗಬೇಕು ಅಂತೇನಿಲ್ಲ, ಹೋದರೆ ಸಂತೋಷ. ಆದರೆ ಬೆಳಿಗ್ಗೆ ಡಬ್ಬಿ ಕಟ್ಟುವ ಹೊತ್ತಿನಲ್ಲಿ ನಿಮಗೆ ಒಂದು ಗಂಟೆ ಎಲ್ಲಿಂದ ಬರಬೇಕು? ಊಟ ಆದ ಅರ್ಧ ಗಂಟೆಯೊಳಗೆ ಹದಿನೈದು ನಿಮಿಷ ನಡೆಯಿರಿ, ರಸ್ತೆಯಲ್ಲೋ ತಾರಸಿಯಲ್ಲೋ. ಆಗ ತೊಡೆಯ, ಮೀನಖಂಡದ ಸ್ನಾಯು ಊಟದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಹತ್ತು ಹತ್ತರಂತೆ ಮಾಡಿ. ಗೋಡೆಗೆ ಕೈ ಕೊಟ್ಟು ತಳ್ಳಿ. ಜಿಮ್ಮಿಗೆ ಹೋಗಲು ಆದರೆ ಒಳ್ಳೆಯದೇ, ಆಗದಿದ್ದರೆ ಕೊರಗಬೇಡಿ.

ಪೌಡರ್ ಬೇಡ. ಊಟ ಬಿಟ್ಟು ಅದನ್ನು ಕುಡಿದರೆ ಮೊದಲ ತಿಂಗಳು ತೂಕ ಇಳಿಯುತ್ತದೆ, ನಿಲ್ಲಿಸಿದ ಮೇಲೆ ಮತ್ತೆ ಏರುತ್ತದೆ. ತೂಕ ಇಳಿಸುವ ಕೆಲವು ಪುಡಿ, ಗಿಡಮೂಲಿಕೆ ಮದ್ದುಗಳಿಂದ ಲಿವರಿಗೆ ಪೆಟ್ಟು ಬಿದ್ದ ರೋಗಿಗಳ ವರದಿಗಳು ನಮ್ಮ ದೇಶದಲ್ಲೇ ಬಂದಿವೆ. ನಿಮ್ಮ ಲಿವರಿನಲ್ಲಿ ಈಗಾಗಲೇ ಕೊಬ್ಬಿದೆ.

ಇಂಜೆಕ್ಷನ್ ಬೇರೆ ವಿಷಯ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ನಿಜವಾದ ಔಷಧಿಗಳು, ಕೆಲಸ ಮಾಡುತ್ತವೆ. ಹಸಿವು ಕಡಿಮೆಯಾಗಿ ತೂಕ ಚೆನ್ನಾಗಿ ಇಳಿಯುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ ಬಹಳ ಜನಕ್ಕೆ ಆಗುತ್ತದೆ. ನಿಲ್ಲಿಸಿದರೆ ತೂಕ ತಿರುಗಿ ಬರುವುದೇ ಜಾಸ್ತಿ. ಮನೆಯಲ್ಲಿ ಯಾರಿಗಾದರೂ ಮೆಡ್ಯುಲರಿ ಅನ್ನುವ ಬಗೆಯ ಥೈರಾಯಿಡ್ ಕ್ಯಾನ್ಸರ್ ಇದ್ದಿದ್ದರೆ ತಗೊಳ್ಳಲೇಬಾರದು. ಬಸುರಿ ಆಗುವ ಯೋಚನೆ ಇದ್ದರೂ ಬೇಡ. ಆರು ತಿಂಗಳು ಊಟ, ನಡಿಗೆ ಸರಿಮಾಡಿ ನೋಡಿ. ಆಗಲೂ ಶುಗರ್ ಏರುತ್ತಾ ಹೋದರೆ ಎಂಡೋಕ್ರೈನ್ (ಹಾರ್ಮೋನು) ತಜ್ಞರ ಹತ್ತಿರ ಕೂತು ಮಾತಾಡಿ. ಅದನ್ನು ಕೇಳಲು ನಾಚಿಕೆ ಬೇಡ. ಮೆಡಿಕಲ್ ಶಾಪಿನಿಂದ ನೀವೇ ತಂದು ಚುಚ್ಚಿಕೊಳ್ಳುವುದು ಮಾತ್ರ ಬೇಡ.

ಬಿಪಿ ಒಂದು ಸಲ ನೋಡಿ ತೀರ್ಮಾನ ಮಾಡುವಂಥದ್ದಲ್ಲ. ತೋಳಿಗೆ ಕಟ್ಟುವ ಮಷಿನ್ ಸಿಕ್ಕರೆ, ಐದು ನಿಮಿಷ ಸುಮ್ನೆ ಕೂತು, ಬೆಳಿಗ್ಗೆ ಸಂಜೆ ಒಂದು ವಾರ ನೋಡಿ ಬರೆದಿಡಿ. ಮನೆಯಲ್ಲಿ ಸರಾಸರಿ 135/85 ದಾಟಿದರೆ ಡಾಕ್ಟರಿಗೆ ತೋರಿಸಿ. ಮಷಿನ್ ಇಲ್ಲದಿದ್ದರೆ ಸರ್ಕಾರದ 'ನಮ್ಮ ಕ್ಲಿನಿಕ್'ನಲ್ಲೋ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿ. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚ, ಅಂದರೆ 5 ಗ್ರಾಂ, ದಾಟಬಾರದು.

ಈಗ ಮಗನ ವಿಷಯ. ದಯವಿಟ್ಟು ಆ ಕುತ್ತಿಗೆಯನ್ನು ಉಜ್ಜುವುದು ನಿಲ್ಲಿಸಿ. ಅದು ಕೊಳೆ ಅಲ್ಲ. ಇನ್ಸುಲಿನ್ ಸರಿಯಾಗಿ ನಾಟದೆ ದೇಹ ಅದನ್ನು ಜಾಸ್ತಿ ಜಾಸ್ತಿ ಸುರಿಸುತ್ತಿರುವಾಗ ಚರ್ಮ ಹೀಗೆ ದಪ್ಪಗೆ, ಕಪ್ಪಗೆ ಆಗುತ್ತದೆ. ಹತ್ತು ವರ್ಷ ದಾಟಿ, ತೂಕ ಜಾಸ್ತಿ ಇದ್ದು, ತಾಯಿಗೆ ಬಸುರಿಯಲ್ಲಿ ಶುಗರ್ ಬಂದಿದ್ದು, ಕುತ್ತಿಗೆ ಕಪ್ಪಾಗಿದ್ದರೆ ಟೆಸ್ಟ್ ಮಾಡಿಸಲೇಬೇಕು. ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಶುಗರ್, ಎಚ್‌ಬಿಎ1ಸಿ, ಕೊಲೆಸ್ಟರಾಲ್, ಲಿವರ್ ಟೆಸ್ಟ್, ಬಿಪಿ ನೋಡಿಸಿ. ಅವನ ಎತ್ತರಕ್ಕೂ ವಯಸ್ಸಿಗೂ ತೂಕ ಎಷ್ಟಿರಬೇಕು ಅಂತ ಅವರು ಚಾರ್ಟಿನಲ್ಲಿ ನೋಡಿ ಹೇಳುತ್ತಾರೆ. ಅವನನ್ನು ಉಪವಾಸ ಕೆಡವಬೇಡಿ, ಬೆಳೆಯುವ ಹುಡುಗ. ತೂಕ ಈಗಿರುವಲ್ಲೇ ನಿಂತು ಎತ್ತರ ಏರಿದರೂ ಅವನಿಗೆ ಲಾಭವೇ. ಬಾಟಲಿ ಜ್ಯೂಸ್, ಕೋಲಾ ಮನೆಗೆ ತರಬೇಡಿ. ದಿನಕ್ಕೆ ಒಂದು ಗಂಟೆ ಬೆವರುವಂತೆ ಆಡಲಿ, ಟ್ಯೂಷನ್ ಒಂದು ಕಡಿಮೆ ಆದರೂ ಪರವಾಗಿಲ್ಲ. ಮನೆಯಲ್ಲಿ, ನೆಂಟರ ಮುಂದೆ "ಡುಮ್ಮ" ಅಂತ ಯಾರೂ ಕರೆಯಕೂಡದು. ಆ ಮಾತು ಕೇಳಿದ ಮಗು ಕದ್ದು ತಿನ್ನುತ್ತದೆ, ಆಟದ ಮೈದಾನದಿಂದ ದೂರ ಹೋಗುತ್ತದೆ.

ಅವ್ವನಿಗೆ ಒಂದೇ ಮಾತು. ಬೆರಳು ಹೋದ ಕಾಲನ್ನೂ ಇನ್ನೊಂದು ಕಾಲನ್ನೂ ದಿನಾ ರಾತ್ರಿ ಯಾರಾದರೂ ನೋಡಿ, ಬೆರಳ ಸಂದಿ, ಹಿಮ್ಮಡಿ, ಅಂಗಾಲು. ಮನೆಯೊಳಗೂ ಬರಿಗಾಲಲ್ಲಿ ಓಡಾಡಬಾರದು. ಚಿಕ್ಕ ಗಾಯ ಕಂಡರೂ ಅವತ್ತೇ ಆಸ್ಪತ್ರೆಗೆ.

ಕೊನೆಗೆ ತಮ್ಮ. ತೆಳ್ಳಗಿದ್ದಾನೆ ಅಂತ ಅವನನ್ನು ಬಿಡಬೇಡಿ. ನಮ್ಮ ದೇಶದವರಲ್ಲಿ ನೋಡಲು ಸಣ್ಣ, ಒಳಗೆ ಕೊಬ್ಬು ಜಾಸ್ತಿ ಇರುವವರು ಬಹಳ. ಪುಣೆಯ ಡಾ. ಯಾಜ್ಞಿಕ್ 2004ರಲ್ಲಿ ಲಂಡನ್ನಿನ ಡಾ. ಯುಡ್ಕಿನ್ ಜೊತೆ ತಮ್ಮಿಬ್ಬರ ಫೋಟೊ ಹಾಕಿ ಬರೆದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ದೇಹದಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ದೇಹದಲ್ಲಿ 21.2! ಅದೂ ಅಲ್ಲದೆ ತಂದೆ 55ಕ್ಕೆ ಮುಂಚೆ ಹಾರ್ಟ್ ಅಟ್ಯಾಕಿನಲ್ಲಿ ಹೋಗಿದ್ದರೆ ಮಕ್ಕಳೆಲ್ಲರಿಗೂ ಅಪಾಯ ಜಾಸ್ತಿ ಅಂತಲೇ ಎಣಿಸಬೇಕು, ದಪ್ಪ ಇರಲಿ, ಸಣ್ಣ ಇರಲಿ. ಲಿಪೋಪ್ರೋಟೀನ್ (ಎ) ಅಂದರೆ ಮನೆತನದಿಂದ ಬರುವ, ಹೃದಯಕ್ಕೆ ಕೆಡುಕಾದ ಒಂದು ಬಗೆಯ ಕೊಲೆಸ್ಟರಾಲ್ ಕಣ; ನೀವಿಬ್ಬರೂ ಅದರ ರಕ್ತದ ಟೆಸ್ಟನ್ನು ಜೀವನದಲ್ಲಿ ಒಮ್ಮೆ ಮಾಡಿಸಿ. ನಿಮ್ಮ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, 148 ಇದೆ; ಅದನ್ನು ಅಪ್ಪನ ಇತಿಹಾಸದ ಜೊತೆ ನೋಡಿದರೆ ಸುಮ್ನೆ ಬಿಡುವಂಥದ್ದಲ್ಲ. ಮಾತ್ರೆ ಈಗಲೇ ಬೇಕಾ, ಮೂರು ತಿಂಗಳು ಕಾಯಬಹುದಾ ಅಂತ ಫಿಜಿಷಿಯನ್ ಹತ್ತಿರ ಕೇಳಿ. ತಮ್ಮ ಬೀಡಿ ಸಿಗರೇಟು ಸೇದುತ್ತಿದ್ದರೆ ಮೊದಲು ಅದು ನಿಲ್ಲಲಿ. ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಗ್ಯಾಸ್ ಅಂತ ಸೋಡಾ ಕುಡಿದು ಮಲಗಬಾರದು, 108ಕ್ಕೆ ಫೋನ್ ಮಾಡಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಸೇರಿರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ, ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಎರಡೂ ಉಚಿತ. ನಿಮ್ಮ ಮನೆಗೆ ಹತ್ತಿರದಲ್ಲಿ ಅದು ಎಲ್ಲಿದೆ ಅಂತ ಈ ವಾರವೇ ವಿಚಾರಿಸಿಟ್ಟುಕೊಳ್ಳಿ. ಗ್ಲೂಕೋಸ್ ಟೆಸ್ಟ್ ಆದಮೇಲೆ ಆ ರಿಪೋರ್ಟನ್ನೂ ಮಗನ ರಿಪೋರ್ಟನ್ನೂ ಬರೆದು ಕಳಿಸಿ, ಮುಂದಿನದನ್ನು ಆಗ ನೋಡೋಣ.